ಮೋಟಾರಿನ ಕ್ರಯ

ವಸ್ತುವಿಗೆ ಕ್ರಯವನ್ನು ಗೊತ್ತುಮಾಡುವ ವಿಧಾನವು ನಮ್ಮ ಸೀಮೆಯಲ್ಲಿ ಎಂದೂ ಒಂದೇ ಬಗೆಯದಾಗಿರಲಿಲ್ಲ. ಗಂಗೊಳ್ಳಿಯ ಬಂದರಿನಲ್ಲಿ ಮೀನಿನ ಏಲಂ ನಡೆಯುವಾಗ ಹತ್ತು ಜನರು ಕೇಳುವಂತೆ ಕೂಗಿಯೇ ಬೆಲೆಯನ್ನು ಏರಿಸುತ್ತಾರೆ. ಯಾರು ಎಷ್ಟಕ್ಕೆ ಕೊಂಡರೆಂಬುದು ದಕ್ಕೆಯ ಮೇಲಿರುವ ಪ್ರತಿಯೊಬ್ಬನಿಗೂ ತಿಳಿಯುತ್ತದೆ. ಹಿಂದಿನ ದನದ ಜಾತ್ರೆಗಳಲ್ಲಿ ಇದಕ್ಕೆ ತೀರ ವಿರುದ್ಧವಾದ ಪದ್ಧತಿಯಿತ್ತು. ಮಾರುವವನೂ ಕೊಳ್ಳುವವನೂ ಒಂದು ಬೈರಾಸಿನ ಅಡಿಯಲ್ಲಿ ಕೈಗಳನ್ನು ಸೇರಿಸಿ, ಬೆರಳು ಹಿಡಿದು ಕ್ರಯವನ್ನು ತಿಳಿಸುತ್ತಿದ್ದರು. ಸುತ್ತ ನಿಂತವರಿಗೆ ಕಾಣುತ್ತಿದ್ದುದು ಇಬ್ಬರ ಮುಖ ಮಾತ್ರ. ಸಂತೆಯ ಸೌತೆಕಾಯಿಗೂ ಬಸಳೆಯ ಕಟ್ಟಿಗೂ ಇವೆರಡರ ನಡುವಣ ಮಾರ್ಗವುಂಟು. ಬೇರೆ ಕಡೆಯವರು ಚೌಕಾಸಿಯೆನ್ನುವ ಅದನ್ನು ನಮ್ಮವರು ‘ಚರ್ಚೆ’ ಎನ್ನುತ್ತಾರೆ. ಈ ಶಬ್ದವು ನನಗೆ ಬಹಳ ಮೆಚ್ಚಿಕೆಯಾದುದು. ಜಗಳವೂ ಅಲ್ಲ, ಯಾಚನೆಯೂ ಅಲ್ಲ. ಇಬ್ಬರೂ ಸಮಾನರಾಗಿ ನಿಂತು ಆಡುವ ಮಾತು ಎಂಬ ಅರ್ಥವು ಅದರಲ್ಲಿ ಅಡಗಿದೆ.

ಆದರೆ ಹತ್ತು ರೂಪಾಯಿಯ ಬಸಳೆಗೆ ಚರ್ಚೆ ಮಾಡುವ ನಾವು ಹತ್ತು ಲಕ್ಷದ ಮೋಟಾರಿಗೆ ಮೌನವಾಗುತ್ತೇವೆ. ಇದಕ್ಕೆ ಕಾರಣವೇನಿರಬಹುದೆಂದು ನಾನು ಹಲವು ಸಲ ಯೋಚಿಸಿದ್ದುಂಟು. ಓದಿದ ಮನೆತನಗಳವರಿಗೆ ಗಾಜಿನ ಗೋಡೆಯ ಮಳಿಗೆಯೊಳಗೆ ಕಾಲಿಟ್ಟ ಕೂಡಲೆ, ಇಲ್ಲಿ ಬೆಲೆ ಕೇಳುವುದು ಮಾನಕ್ಕೆ ಕಡಿಮೆಯೆಂಬ ಭಾವನೆ ಬರುತ್ತದೆ. ತಣ್ಣನೆಯ ಗಾಳಿ, ಕುರ್ಚಿ, ಕಾಫಿ, ನಯವಾದ ಮಾತು, ಅಚ್ಚಾದ ಬೆಲೆಪಟ್ಟಿ ಇವೆಲ್ಲವೂ ಸೇರಿ ನಮ್ಮ ಬಾಯನ್ನು ಕಟ್ಟುತ್ತವೆ. ಅಚ್ಚಿನಲ್ಲಿರುವುದನ್ನು ಪ್ರಶ್ನಿಸಬಾರದೆಂಬ ಪಾಠವನ್ನು ಶಾಲೆಯಲ್ಲಿ ಕಲಿತವರಲ್ಲವೆ ನಾವು?

ಇನ್ನೊಂದು ಕಾರಣವು ಚರಿತ್ರೆಗೆ ಸಂಬಂಧಿಸಿದ್ದು. ನಮ್ಮ ಹಿರಿಯರ ಕಾಲದಲ್ಲಿ ಮೋಟಾರು ಕೊಳ್ಳುವುದೆಂದರೆ ವ್ಯಾಪಾರವಾಗಿರಲಿಲ್ಲ, ಅನುಗ್ರಹವಾಗಿತ್ತು. ಅಂಬಾಸಿಡರ್ ಅಥವಾ ಫಿಯೆಟ್ ಗಾಡಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಸರದಿ ಬಂದವನು ಅದನ್ನೇ ಇನ್ನೊಬ್ಬನಿಗೆ ಹೆಚ್ಚು ಬೆಲೆಗೆ ಬಿಟ್ಟುಕೊಡುವುದೂ ಇತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಮಾರಾಟಕ್ಕೆ ಬಂದಾಗಲೂ ಕೆಲವು ಕಾಲ ಅದೇ ಸರದಿ, ಅದೇ ಕಾಯುವಿಕೆ. ಆ ಕಾಲವು ಕಳೆದುಹೋಗಿದೆ. ಈಗ ಕುಂದಾಪುರದಿಂದ ಬ್ರಹ್ಮಾವರ, ಉಡುಪಿಯತ್ತ ಹೆದ್ದಾರಿಯಲ್ಲಿ ಹೋಗುವಾಗ ಮಳಿಗೆಗಳೇ ಗಿರಾಕಿಯನ್ನು ಕರೆಯುತ್ತವೆ. ಆದರೆ ಕೈಕಟ್ಟಿ ನಿಲ್ಲುವ ಅಭ್ಯಾಸವು ಮಾತ್ರ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ನನ್ನ ಸೋದರಮಾವನವರು ಬೈಂದೂರು ಕಡೆಯವರು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮೀರಿ ಪಾಠ ಹೇಳಿ ನಿವೃತ್ತರಾದವರು. ಹನ್ನೆರಡು ವರ್ಷ ಓಡಿದ ತಮ್ಮ ಸಣ್ಣ ಮೋಟಾರನ್ನು ಕೊಟ್ಟು ಹೊಸದೊಂದನ್ನು ತರುವ ಯೋಚನೆ ಅವರಿಗೆ ಬಂದಿತು. ಅತ್ತೆಗೆ ಮೊಣಕಾಲಿನ ನೋವು. ತಿಂಗಳಿಗೆರಡು ಬಾರಿ ಮಣಿಪಾಲದ ಆಸ್ಪತ್ರೆಗೆ ಹೋಗಬೇಕಾಗಿತ್ತು. ಹಳೆಯ ಗಾಡಿ ಮಳೆಗಾಲದಲ್ಲಿ ಎರಡು ಸಲ ಹೆದ್ದಾರಿಯ ನಡುವೆಯೇ ನಿಂತಿತ್ತು. ಆದುದರಿಂದ ಇದು ಶೋಕಿಯ ಮಾತಾಗಿರಲಿಲ್ಲ. ಮಾವನವರ ಪಿಂಚಣಿಯ ಉಳಿತಾಯ ಹಾಗೂ ಬ್ಯಾಂಕಿನ ಒಂದಿಷ್ಟು ಸಾಲ, ಇವುಗಳಲ್ಲಿಯೇ ಕೆಲಸವಾಗಬೇಕಾಗಿತ್ತು. ಜೊತೆಗೆ ನಾನೂ ಹೋದೆನು.

ಮಳಿಗೆಯಲ್ಲಿ ನಮ್ಮನ್ನು ಎದುರುಗೊಂಡ ತರುಣನು ಮಾವನವರ ಶಿಷ್ಯನೇ ಆಗಿದ್ದನು. ಕಾಲಿಗೆರಗಿ ಕುಳ್ಳಿರಿಸಿದನು. ಕಾಗದವೊಂದರ ಮೇಲೆ ಒಂದೇ ಮೊತ್ತವನ್ನು ಬರೆದು, “ಮಾಷ್ಟ್ರೆ, ನಿಮ್ಮತ್ರ ಹೆಚ್ಚ್ ಹೇಳುಕಾತ್ತಾ? ಹಳೇ ಗಾಡಿ ಕೊಟ್ಟ್ ಇಷ್ಟ್ ಕೊಟ್ರೆ ಆಯ್ತ್,” ಎಂದನು. ಮಾವನವರು ತಲೆಯಾಡಿಸಿದರು. ಶಿಷ್ಯನೊಡನೆ ಚರ್ಚೆ ಮಾಡುವ ಗುರುವುಂಟೆ? ಪೇನೆಗಾಗಿ ಜೇಬಿಗೆ ಕೈ ಹೋಗಿಯೇ ಬಿಟ್ಟಿತ್ತು. ಆಗ ಅಷ್ಟರವರೆಗೆ ಸುಮ್ಮನಿದ್ದ ಅತ್ತೆಯು, “ಒಟ್ಟ್ ಲೆಕ್ಕ ಕಡಿಕೆ ಮಗಾ. ಒಂದೊಂದೇ ಹೇಳ್ ಕಾಂಬ,” ಎಂದಳು.

ಅತ್ತೆಗೆ ಈ ವಿದ್ಯೆಯನ್ನು ಕಲಿಸಿದ್ದು ತೆಂಗಿನಕಾಯಿ. ಮನೆಯ ಕಾಯಿಯನ್ನು ನಲವತ್ತು ವರ್ಷಗಳಿಂದ ಮಾರುತ್ತಿರುವವಳು ಅವಳೇ. ಕಾಯಿಯ ವ್ಯಾಪಾರಿ ಎಂದೂ ಒಂದೇ ಲೆಕ್ಕವನ್ನು ಹೇಳುವುದಿಲ್ಲ. ಸುಲಿದ ಕೂಲಿ, ಸಣ್ಣ ಕಾಯಿಯ ವಜಾ, ಸಾಗಿಸುವ ಖರ್ಚು, ತೂಕದ ದರ ಇವನ್ನೆಲ್ಲ ಕಲಸಿ ಕಡೆಗೆ ಒಂದು ಮೊತ್ತವನ್ನು ಕೈಗಿಡುತ್ತಾನೆ. ದರವನ್ನು ಏರಿಸಿದಂತೆ ತೋರಿಸಿ ವಜಾದಲ್ಲಿ ಅದನ್ನು ಹಿಂತೆಗೆದುಕೊಳ್ಳಬಹುದು. ಬಿಡಿಬಿಡಿಯಾಗಿ ಕೇಳಿದವರಿಗೆ ಮಾತ್ರ ಇದು ಕಾಣುವುದು. ಮೋಟಾರಿನ ವ್ಯಾಪಾರದ ಮರ್ಮವೂ ಇದೇ. ಅದು ಒಂದು ವ್ಯಾಪಾರವಲ್ಲ, ಐದು ವ್ಯಾಪಾರಗಳ ಒಂದು ಗಂಟು: ಹೊಸ ಗಾಡಿಯನ್ನು ಕೊಳ್ಳುವುದು, ಹಳೆಯದನ್ನು ಮಾರುವುದು, ವಿಮೆ, ಸಾಲ, ಮತ್ತು ಅಲಂಕಾರದ ಸಾಮಾನು. ಒಂದರಲ್ಲಿ ಬಿಟ್ಟುಕೊಟ್ಟದ್ದನ್ನು ಇನ್ನೊಂದರಲ್ಲಿ ಸದ್ದಿಲ್ಲದೆ ಎತ್ತಿಕೊಳ್ಳುವುದಕ್ಕೆ ಈ ಗಂಟಿನಲ್ಲಿ ಅವಕಾಶವಿದೆ. ಬೈರಾಸಿನ ಅಡಿಯ ಬೆರಳುಗಳಂತೆ ಇಲ್ಲಿಯೂ ನಿಜವಾದ ಕ್ರಯವು ಮರೆಯಲ್ಲಿರುತ್ತದೆ. ಒಂದೇ ಭೇದವೆಂದರೆ, ದನದ ಜಾತ್ರೆಯಲ್ಲಿ ಕೊಳ್ಳುವವನ ಕೈಯೂ ಬೈರಾಸಿನೊಳಗಿರುತ್ತಿತ್ತು.

ಕಾಗದವು ಬಿಡಿಯಾಗಿ ಬರೆಯಲ್ಪಟ್ಟಿತು. ಮಳಿಗೆಯ ಬೆಲೆ 7,80,000 ರೂಪಾಯಿ. ಇದರಲ್ಲಿ ಸರಕು ಸೇವಾ ತೆರಿಗೆ ಸೇರಿದೆ. ನಾಲ್ಕು ಮೀಟರಿನೊಳಗಿನ ಸಣ್ಣ ಗಾಡಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಈ ತೆರಿಗೆಯು ನೂರಕ್ಕೆ 28 ಮತ್ತು ಅದರ ಮೇಲಿನ ಉಪಕರದಿಂದ 18ಕ್ಕೆ ಇಳಿಯಿತು. ಸರಕಾರವು ಇಳಿಸಿದ ತೆರಿಗೆಯನ್ನು ತಾನೇ ಬಿಟ್ಟ ರಿಯಾಯಿತಿಯೆಂಬಂತೆ ಹೇಳಿದವನನ್ನೂ ನಾನು ಕಂಡಿದ್ದೇನೆ. ರಿಯಾಯಿತಿಯನ್ನು ಎಣಿಸುವಾಗ ಇಂದಿನ ಪಟ್ಟಿಯ ಬೆಲೆಯಿಂದಲೇ ಎಣಿಸಬೇಕು, ಹಿಂದಿನದರಿಂದಲ್ಲ. ಆ ಬಳಿಕ ರಾಜ್ಯದ ಆಜೀವ ತೆರಿಗೆ. ಇದರಲ್ಲಿ ಯಾವ ವ್ಯಾಪಾರಿಯೂ ಕಡಿಮೆ ಮಾಡಲಾರನು. ಆದರೆ ತಿಳಿದಿರಬೇಕಾದ ಸಂಗತಿಯೊಂದುಂಟು. ಕರ್ಣಾಟಕದಲ್ಲಿ ಐದು ಲಕ್ಷದ ಮೇಲೆ ಹತ್ತು ಲಕ್ಷದವರೆಗಿನ ಬೆಲೆಗೆ ಈ ತೆರಿಗೆ ನೂರಕ್ಕೆ 14, ಹತ್ತು ಲಕ್ಷ ದಾಟಿದರೆ 17. ಅಂದರೆ 9,95,000 ರೂಪಾಯಿಯ ಗಾಡಿಗೆ ತೆರಿಗೆ 1,39,300 ಆದರೆ, 10,05,000 ರೂಪಾಯಿಯ ಗಾಡಿಗೆ 1,70,850. ಹತ್ತು ಸಾವಿರದ ಹೆಚ್ಚಿನ ಸೊಬಗಿಗಾಗಿ ಉಪಕರವನ್ನು ಬಿಟ್ಟೇ ಮೂವತ್ತೊಂದು ಸಾವಿರ ತೆರಬೇಕು. ‘ಇನ್ನೊಂದು ಮೆಟ್ಟಿಲು ಮೇಲಿನದನ್ನು ತೆಗೆದುಕೊಳ್ಳಿ’ ಎಂದು ಯಾರಾದರೂ ಹೇಳಿದಾಗ ಆ ಮೆಟ್ಟಿಲು ಈ ಗೆರೆಯ ಯಾವ ಬದಿಗಿದೆಯೆಂದು ನೋಡಬೇಕು.

ವಿಮೆಗೆ 42,000 ರೂಪಾಯಿ ಬರೆದಿತ್ತು. ಹೊಸ ಮೋಟಾರಿಗೆ ಮೂರು ವರ್ಷಗಳ ತೃತೀಯ ಪಕ್ಷದ ವಿಮೆಯನ್ನು ಒಮ್ಮೆಗೇ ಮಾಡಿಸಬೇಕೆಂಬುದು 2018ರ ಸೆಪ್ಟೆಂಬರ್ 1ರಿಂದ ಇರುವ ನಿಯಮ. ಆದರೆ ಯಾವ ಕಂಪೆನಿಯಲ್ಲಿ ಮಾಡಿಸಬೇಕೆಂಬುದು ಕೊಳ್ಳುವವನ ಇಷ್ಟ. ಮಳಿಗೆಯಲ್ಲಿಯೇ ಮಾಡಿಸಬೇಕೆಂಬ ಕಟ್ಟಳೆಯಿಲ್ಲ. ಮಾವನವರು ಐದಾರು ವರ್ಷಗಳಿಂದ ವಿಮೆಯ ಹಣವನ್ನು ಕೇಳಿದವರೇ ಅಲ್ಲ. ಅಂಥವರಿಗೆ ಗಾಡಿಯ ಸ್ವಂತ ಹಾನಿಯ ವಿಮೆಯಲ್ಲಿ ನೂರಕ್ಕೆ 50ರವರೆಗೆ ವಿನಾಯಿತಿಯುಂಟು, ಮತ್ತು ಆ ವಿನಾಯಿತಿ ಗಾಡಿಗೆ ಸೇರಿದ್ದಲ್ಲ, ಮನುಷ್ಯನಿಗೆ ಸೇರಿದ್ದು. ಹಳೆಯ ಗಾಡಿಯನ್ನು ಮಾರಿದಾಗ ವಿಮಾ ಕಂಪೆನಿಯಿಂದ ಪತ್ರ ತಂದರೆ ಹೊಸ ಗಾಡಿಗೆ ಅದು ಸಲ್ಲುತ್ತದೆ. ಕಾಗದದಲ್ಲಿ ಇದರ ಸುಳಿವೇ ಇರಲಿಲ್ಲ. ಕೇಳಿದ ಮೇಲೆ ವಿಮೆಯು 32,000ಕ್ಕೆ ಇಳಿಯಿತು.

ಅದರ ಕೆಳಗೆ ‘ಹ್ಯಾಂಡ್ಲಿಂಗ್’ ಎಂಬ ಹೆಸರಿನಲ್ಲಿ 9,500 ರೂಪಾಯಿ. ಅತ್ತೆಯು ಬೆರಳಿಟ್ಟು, “ಇದ್ ಎಂತದ್?” ಎಂದು ಕೇಳಿದಳು. ಅದು ತೆರಿಗೆಯೂ ಅಲ್ಲ, ವಿಮೆಯೂ ಅಲ್ಲ, ಸರಕಾರಕ್ಕೆ ಹೋಗುವುದೂ ಅಲ್ಲ. ಶಿಷ್ಯನು ಸ್ವಲ್ಪ ನಕ್ಕು ಗೀಟೆಳೆದನು. ಅಲಂಕಾರದ ಸಾಮಾನು 24,500. ಅದರಲ್ಲಿ ಕಾಲಡಿಯ ಹಾಸು, ಕೆಸರು ತಡೆಯುವ ರಬ್ಬರು, ಮೇಲು ಹೊದಿಕೆ ಇವನ್ನು ಇಟ್ಟುಕೊಂಡು ಉಳಿದುದನ್ನು ಬಿಟ್ಟದ್ದರಿಂದ ಅದು 5,500 ಆಯಿತು. ಮಾವನವರು ಮೆಲ್ಲನೆ, “ಇಷ್ಟೆಲ್ಲ ಕೇಂಬುದ್ ಚಂದ ಅಲ್ಲ,” ಎಂದರು. ಅತ್ತೆಯು ಕೇಳಿಸದವಳಂತೆ ಮುಂದಿನ ಸಾಲಿಗೆ ಹೋದಳು.

ಮುಂದಿನದು ಹಳೆಯ ಗಾಡಿಯ ಪ್ರಕರಣ. ಮಳಿಗೆಯವರು ಅದಕ್ಕೆ 1,80,000 ರೂಪಾಯಿ ಹಿಡಿದಿದ್ದರು. ಕುಂದಾಪುರದಲ್ಲಿ ಹಳೆಯ ಗಾಡಿಗಳನ್ನು ಕೊಳ್ಳುವವರೊಬ್ಬರು ಹಿಂದಿನ ವಾರ 1,75,000 ಎಂದಿದ್ದರಾದುದರಿಂದ ಮಾವನವರಿಗೆ ತೃಪ್ತಿಯಾಗಿತ್ತು. ಆದರೆ ಆ 1,80,000ದಲ್ಲಿ 25,000 ರೂಪಾಯಿಯು, ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವವರಿಗೆ ಗಾಡಿ ತಯಾರಿಸುವ ಕಂಪೆನಿಯು ಕೊಡುವ ಬೋನಸ್ಸು. “ಬೋನಸ್ ಕಂಪೆನಿದ್. ನಮ್ ಗಾಡಿಗೆ ನೀನ್ ಎಷ್ಟ್ ಕೊಡ್ತೆ?” ಎಂಬ ಪ್ರಶ್ನೆಗೆ ಉತ್ತರವು 1,55,000 ಎಂದಾಯಿತು. ಎರಡನ್ನೂ ಬೇರ್ಪಡಿಸಿದ ಕೂಡಲೆ ಚರ್ಚೆಗೆ ನೆಲೆ ದೊರಕಿತು. ಬೋನಸ್ಸು ಹೇಗಿತ್ತೋ ಹಾಗೆಯೇ ಇದ್ದು ಗಾಡಿಯ ಬೆಲೆ 1,65,000ಕ್ಕೆ ಏರಿತು.

ಹಳೆಯ ಗಾಡಿಗೆ ನಮ್ಮ ಕರಾವಳಿಯಲ್ಲಿ ಬೆಲೆ ಇಳಿಸುವವರು ಹೇಳುವ ಕಾರಣಗಳು ಪೊಳ್ಳಲ್ಲವೆಂಬುದನ್ನೂ ಹೇಳಬೇಕು. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಅಂಥ ಊರುಗಳ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ತಳಕ್ಕೆ ತುಕ್ಕು ಹಿಡಿಯದಿರದು. ಘಟ್ಟ ಹತ್ತಿಳಿದ ಗಾಡಿಯ ಕ್ಲಚ್ಚೂ ಬ್ರೇಕೂ ಸವೆದಿರುತ್ತವೆ. ಹಾಗೆಯೇ ಕೊಳ್ಳುವವರಾಗಿ ಹೋದಾಗ ನಾವೂ ನೋಡತಕ್ಕದ್ದುಂಟು. ನೆರೆಯ ನೀರಿನಲ್ಲಿ ನಿಂತ ಗಾಡಿಯನ್ನು ಎಷ್ಟೇ ತೊಳೆದರೂ ಸೀಟಿನ ಪಟ್ಟಿಯನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಕಾಣಬಹುದು. ಕಾಲಡಿಯ ಹಾಸನ್ನೆತ್ತಿದರೆ ಮುಗ್ಗಲು ವಾಸನೆ ಹೇಳಬಹುದು. ಮುಂಬಯಿಯ ಹೋಟೆಲಿನವರು ಊರಿಗೆ ತಂದು ಬಿಟ್ಟ ಗಾಡಿ ಅಗ್ಗವಾಗಿ ದೊರೆತರೆ, ಅಲ್ಲಿಯ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ, ಕೆಎ-20ರ ಹೊಸ ನಂಬರು ಇವುಗಳ ಖರ್ಚನ್ನೂ ಆ ಅಗ್ಗಕ್ಕೆ ಕೂಡಿಸಿ ನೋಡಬೇಕು.

ಸಾಲದ ವಿಷಯದಲ್ಲಿ ‘ತಿಂಗಳಿಗೆ ಎಷ್ಟು ಕೊಡಬಲ್ಲಿರಿ?’ ಎಂಬ ಪ್ರಶ್ನೆಯು ಬಹು ಸೌಮ್ಯವಾಗಿ ಕೇಳಿಸುತ್ತದೆ. ಅದಕ್ಕೆ ಉತ್ತರ ಹೇಳಿದವನು ಕ್ರಯದ ಮಾತನ್ನೇ ಮರೆಯುತ್ತಾನೆ. ನೂರಕ್ಕೆ 9ರ ಬಡ್ಡಿಯಲ್ಲಿ ಆರು ಲಕ್ಷವನ್ನು ಐದು ವರ್ಷಕ್ಕೆ ತೆಗೆದುಕೊಂಡರೆ ತಿಂಗಳಿಗೆ ಸುಮಾರು 12,455 ರೂಪಾಯಿ. ಏಳು ವರ್ಷಕ್ಕಾದರೆ ಸುಮಾರು 9,653. ಎರಡನೆಯದು ಹಗುರವೆಂದು ತೋರುತ್ತದೆ. ಆದರೆ ಕೊನೆಗೆ ತೆತ್ತ ಹಣವನ್ನು ಕೂಡಿಸಿದರೆ 63,000 ರೂಪಾಯಿಗೂ ಮೀರಿ ಹೆಚ್ಚಾಗಿರುತ್ತದೆ. ಪಿಂಚಣಿಯ ಮೇಲೆ ಬದುಕುವವರಿಗೆ ಆ ಎರಡು ವರ್ಷಗಳು ಸಣ್ಣವಲ್ಲ. ಮಾವನವರು ಸಾಲವನ್ನು ತಮ್ಮ ಬ್ಯಾಂಕಿನಲ್ಲಿಯೇ, ಬೇರೆಯಾಗಿ, ಮೊದಲೇ ಮಾತಾಡಿ ಬಂದದ್ದರಿಂದ ಆ ಎಳೆಯು ಗಂಟಿಗೆ ಸೇರಲಿಲ್ಲ.

ಕಾಲವೂ ಈ ಚರ್ಚೆಯಲ್ಲಿ ಒಬ್ಬ ಪಾಲುಗಾರ. ನಮ್ಮವರು ಆಸಾಡಿ ತಿಂಗಳಲ್ಲಿ ಹೊಸ ಗಾಡಿಯನ್ನು ಮನೆಗೆ ತರುವುದಿಲ್ಲ. ಹೊರಗೆ ಮಳೆ, ಮಳಿಗೆಯೊಳಗೆ ನಿಶ್ಶಬ್ದ. ಆಗ ಹೋಗಿ ಮಾತು ಮುಗಿಸಿ, ಸೋಣೆಯಲ್ಲಿ ಗಾಡಿಯನ್ನು ತರುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ, ಲಾಭವಂತೂ ಉಂಟು. ತಿಂಗಳ ಕೊನೆಯಲ್ಲಿಯೂ ಮಾರ್ಚಿಯ ಕೊನೆಯಲ್ಲಿಯೂ ಮಾರುವವನಿಗೆ ಲೆಕ್ಕ ತುಂಬಿಸುವ ಆತುರವಿರುತ್ತದೆ. ವರ್ಷದ ಕೊನೆಯಲ್ಲಿ ಹೆಚ್ಚು ರಿಯಾಯಿತಿ ದೊರೆಯುವುದುಂಟು; ಆದರೆ ಜನವರಿ ಬಂದೊಡನೆ ಅದು ಕಾಗದದ ಮೇಲೆ ಹಿಂದಿನ ವರ್ಷದ ಗಾಡಿಯಾಗುವುದರಿಂದ ಮುಂದೆ ಮಾರುವಾಗ ಆ ರಿಯಾಯಿತಿಯ ಒಂದು ಪಾಲನ್ನು ಹಿಂದಕ್ಕೆ ಕೊಡಬೇಕಾಗುವುದು. ಹತ್ತು ವರ್ಷ ಇಟ್ಟುಕೊಳ್ಳುವವನಿಗೆ ಇದು ಚಿಂತೆಯಲ್ಲ. ಇವೆಲ್ಲಕ್ಕಿಂತ ದೊಡ್ಡ ಎಚ್ಚರಿಕೆಯೊಂದಿದೆ: ಆನೆಗುಡ್ಡೆಯಲ್ಲಿ ಗಾಡಿಯ ಪೂಜೆಗೆ ದಿನವನ್ನು ಮೊದಲೇ ಗೊತ್ತುಮಾಡಿ, ‘ಆ ಬುಧವಾರ ಗಾಡಿ ಬೇಕೇಬೇಕು’ ಎಂದು ಮಳಿಗೆಯಲ್ಲಿ ಹೇಳಿದವನಿಗೆ ಚರ್ಚೆ ಮಾಡಲು ಏನೂ ಉಳಿಯುವುದಿಲ್ಲ. ವಿಘ್ನೇಶ್ವರನು ಇನ್ನೊಂದು ವಾರ ಕಾಯಬಲ್ಲನು.

ಹಣದ ಮಾತು ಇಲ್ಲಿಗೆ ಮುಗಿಯಿತು. ಕೂಡಿಸಿ ನೋಡಿದರೆ ಅತ್ತೆಯ ಬಿಡಿ ಪ್ರಶ್ನೆಗಳಿಂದ ಉಳಿದದ್ದು 48,500 ರೂಪಾಯಿ. ಆದರೆ ಹಣಕ್ಕಿಂತ ಮಿಗಿಲಾದ ಅಪಾಯವು ಹಳೆಯ ಗಾಡಿಯ ಕಾಗದಗಳಲ್ಲಿ ಅಡಗಿರುತ್ತದೆ. ಅದನ್ನು ಹೇಳುವುದಕ್ಕಾಗಿಯೇ ಈ ಬರಹವನ್ನು ಇಷ್ಟು ಬೆಳೆಸಿದೆನೆಂದರೂ ಸರಿಯೆ.

ಹಳೆಯ ಗಾಡಿಯನ್ನು ಒಪ್ಪಿಸುವಾಗ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಮಾಡಿಸಿಕೊಳ್ಳುತ್ತಾರೆ. ಕೊಳ್ಳುವವನ ಹೆಸರಿನ ಜಾಗವೂ ತಾರೀಕಿನ ಜಾಗವೂ ಖಾಲಿಯಿರುವುದು ಸಾಮಾನ್ಯ. ಗಾಡಿ ಕೈಬಿಟ್ಟಿತು, ಹಣ ಬಂದಿತು, ಸಂಬಂಧ ಮುಗಿಯಿತೆಂದು ನಾವು ತಿಳಿಯುತ್ತೇವೆ. ಕಾನೂನು ಹಾಗೆ ತಿಳಿಯುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಸೆಕ್ಷನಿನಂತೆ, ರಾಜ್ಯದೊಳಗೆ ಮಾರಿದವನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಹೆಸರು ಬದಲಾಗುವವರೆಗೆ ದಾಖಲೆಯಲ್ಲಿರುವವನೇ ಒಡೆಯ. 2007ರಲ್ಲಿ ಒಬ್ಬರು ಮಾರಿದ ಗಾಡಿಯೊಂದು ಕೈಯಿಂದ ಕೈಗೆ ಹೋಗಿ, 2009ರಲ್ಲಿ ಅಪಘಾತಕ್ಕೀಡಾಗಿ ಒಂದು ಮಗುವಿನ ಮರಣಕ್ಕೆ ಕಾರಣವಾಯಿತು. ನಡುವೆ ಯಾರೂ ಹೆಸರನ್ನು ಬದಲಿಸಿರಲಿಲ್ಲ. ಪರಿಹಾರದ ಹೊಣೆ ಯಾರದೆಂಬ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರ ಫೆಬ್ರವರಿಯಲ್ಲಿ ತೀರ್ಪು ಬಂದಿತು: ದಾಖಲೆಯಲ್ಲಿ ಯಾರ ಹೆಸರಿತ್ತೋ ಅವರೇ ಹೊಣೆ. ಗಾಡಿಯನ್ನು ಎರಡು ವರ್ಷಗಳಿಂದ ಕಣ್ಣಿನಲ್ಲಿಯೂ ಕಾಣದವರು ಆ ಭಾರವನ್ನು ಹೊರಬೇಕಾಯಿತು.

ನಮ್ಮ ಹೆದ್ದಾರಿಯಲ್ಲಿ ದಿನವೂ ಓಡುವ ಗಾಡಿಗಳನ್ನು ನೋಡುತ್ತ ನಾನು ಇದನ್ನು ನೆನೆಯುವುದುಂಟು. ಅವುಗಳಲ್ಲಿ ಎಷ್ಟು ಗಾಡಿಗಳು ಯಾವುದೋ ನಿವೃತ್ತ ಮಾಸ್ತರರ ಹೆಸರನ್ನು ಹೊತ್ತು, ಅವರರಿಯದ ಕೈಗಳಲ್ಲಿ ಓಡುತ್ತಿವೆಯೋ! ಅಧಿಕೃತ ವ್ಯಾಪಾರಿಗೆ ಗಾಡಿಯನ್ನು ಒಪ್ಪಿಸಿದ ಸಂಗತಿಯನ್ನು ಇಲಾಖೆಗೆ ತಿಳಿಸಿ, ಅಲ್ಲಿಂದ ಮುಂದೆ ಅವನನ್ನೇ ಒಡೆಯನೆಂದೆಣಿಸುವ ಏರ್ಪಾಡನ್ನು ಕೇಂದ್ರ ಸರಕಾರವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. 2023ರ ಎಪ್ರಿಲ್ 1ರಿಂದ ಅದು ಜಾರಿಗೆ ಬಂದಿದೆ. ಆದರೆ ನಿಯಮವಿದ್ದರೆ ಸಾಲದು. ಕೇಳುವವರಿದ್ದರೆ ಮಾತ್ರ ಅದು ನಡೆಯುವುದು. ಅಲ್ಲಿ ನಾನು ಬಾಯಿ ತೆರೆದೆನು. ಗಾಡಿಯನ್ನು ಪಡೆದ ತಾರೀಕು, ಗಂಟೆ, ಓಡಿದ ಕಿಲೋಮೀಟರು ಇವನ್ನೆಲ್ಲ ಬರೆದ ರಸೀದಿಗೆ ಮೊಹರು ಹಾಕಿಸಿಕೊಂಡೆವು. ನಮೂನೆಗಳ ಖಾಲಿ ಜಾಗಗಳನ್ನು ತುಂಬಿಸಿದ ಬಳಿಕವೇ ಮಾವನವರು ಸಹಿ ಹಾಕಿದರು. ಫಾಸ್ಟ್ಯಾಗಿನ ಚೀಟಿಯನ್ನು ಕಿತ್ತು, ಅದರ ಖಾತೆಯನ್ನು ಮುಚ್ಚಿಸಿದೆವು. ಇಲ್ಲವಾದರೆ ಸಾಸ್ತಾನದ ಸುಂಕದ ಕಟ್ಟೆಯನ್ನು ಯಾರೋ ದಾಟಿದ್ದಕ್ಕೆ ಮಾವನವರ ಹಣ ಹೋಗುವುದು.

ಇದೆಲ್ಲ ನಡೆಯುವಾಗ ಆ ತರುಣನ ಮುಖವನ್ನು ನಾನು ಗಮನಿಸುತ್ತಿದ್ದೆನು. ಅವನು ಕೆಟ್ಟವನಲ್ಲ. ಸಣ್ಣ ಸಂಬಳ, ತಿಂಗಳಿಗಿಷ್ಟು ಗಾಡಿ ಮಾರಬೇಕೆಂಬ ಒತ್ತಡ, ವಿಮೆಗೂ ಅಲಂಕಾರಕ್ಕೂ ಬೇರೆ ಬೇರೆ ಲೆಕ್ಕ. ಮೇಲಿನವರು ಕಟ್ಟಿಕೊಟ್ಟ ಗಂಟನ್ನು ಅವನು ನಮ್ಮ ಮುಂದೆ ಇಟ್ಟಿದ್ದನು, ಅಷ್ಟೆ. ಅತ್ತೆಯು ಒಮ್ಮೆಯೂ ದನಿಯೇರಿಸಲಿಲ್ಲ, ಅವನನ್ನು ಸುಳ್ಳನೆನ್ನಲಿಲ್ಲ. ಅವನ ತಾಯಿಯ ಯೋಗಕ್ಷೇಮವನ್ನೂ ನಡುನಡುವೆ ವಿಚಾರಿಸಿದಳು. ವಾರಂಟಿಯನ್ನು ಎರಡು ವರ್ಷ ಬೆಳೆಸುವುದಕ್ಕೆ ಅವನು 18,000 ಕೇಳಿದಾಗ, ಆ ಮಾತು ಸರಿಯೆಂದು ತೋರಿದ್ದರಿಂದ ಚರ್ಚೆಯಿಲ್ಲದೆ ಒಪ್ಪಿದಳು. ಮಾನಸ್ತರು ಚರ್ಚೆ ಮಾಡಬಾರದೆಂದು ಮಾವನವರು ತಿಳಿದಿದ್ದರು. ಕೇಳದೆ ಕೊಟ್ಟ ಹಣವು ಅವರ ಮಾನವನ್ನು ಹೆಚ್ಚಿಸುತ್ತಿರಲಿಲ್ಲ. ಒಂದೂವರೆ ತಿಂಗಳ ಪಿಂಚಣಿಯನ್ನು ಕಡಿಮೆ ಮಾಡುತ್ತಿತ್ತು. ಶಿಷ್ಯನ ಗೌರವಕ್ಕೂ ಕುಂದಾಗಲಿಲ್ಲ. ಬೀಳ್ಕೊಡುವಾಗ ಅವನು ಎಂದಿನಂತೆಯೇ ನಮಸ್ಕರಿಸಿದನು, ಈ ಸಲ ಅತ್ತೆಗೆ ಮೊದಲು.

ಏಳು ವಾರಗಳವರೆಗೆ ಮಾವನವರು ದಿನವೂ ಬೆಳಿಗ್ಗೆ ಪತ್ರಿಕೆ ಓದಿದ ಮೇಲೆ ಕನ್ನಡಕವನ್ನು ಸರಿಪಡಿಸಿಕೊಂಡು ದೂರವಾಣಿಯಲ್ಲಿ ಸಾರಿಗೆ ಇಲಾಖೆಯ ದಾಖಲೆಯನ್ನು ತೆರೆದು ಹಳೆಯ ನಂಬರನ್ನು ಒತ್ತಿ ನೋಡುತ್ತಿದ್ದರು. ಎಂಟನೆಯ ವಾರದಲ್ಲಿ ಅಲ್ಲಿ ಬೇರೊಬ್ಬರ ಹೆಸರು ಕಂಡಿತು. ಅಂದು ಅವರು ಮನೆಯ ಲೆಕ್ಕದ ಪುಸ್ತಕವನ್ನು ತೆಗೆದು, ಆ ಗಾಡಿಯ ಪುಟದ ಕೆಳಗೆ ತಾರೀಕು ಹಾಕಿ ಅಡ್ಡಗೆರೆ ಎಳೆದರು. ರಸೀದಿಯನ್ನು ಮಾತ್ರ ಹರಿಯದೆ ಅದೇ ಪುಟದಲ್ಲಿ ಮಡಿಸಿಟ್ಟರು.